ದೊಡ್ಡ ತೂತಿನಲ್ಲಿ ಒಡೆದ ಚಿಕ್ಕ ಕಣ: ಬಾಗೇಪಲ್ಲಿಯಿಂದ ಬಂದ ಒಂದು ರಕ್ತದ ಮಾದರಿ

ಚಿಕ್ಕಬಳ್ಳಾಪುರದಲ್ಲಿ ನಾನು ನೋಡಿಕೊಳ್ಳುವ ರಕ್ತಪರೀಕ್ಷೆಯ ಲ್ಯಾಬ್ ದೊಡ್ಡದೇನಲ್ಲ. ಸುತ್ತಲಿನ ಊರುಗಳ ಕೆಲವು ಸಣ್ಣ ಕೇಂದ್ರಗಳಲ್ಲಿ ರಕ್ತ ತೆಗೆದು ನಮಗೆ ಕಳಿಸುತ್ತಾರೆ. ಅಂಥ ಒಂದು ಕೇಂದ್ರ ಬಾಗೇಪಲ್ಲಿಯಲ್ಲಿದೆ. ಅಲ್ಲಿಂದ ಬಂದ ಒಂದೇ ಒಂದು ಟ್ಯೂಬಿನ ಕಥೆ ಇದು. ಪೂರ್ತಿ ಬರೆದಿಡಬೇಕು ಅಂತ ಆವತ್ತೇ ಅನಿಸಿತ್ತು.

ರೋಗಿ 68 ವರ್ಷದ ಅಜ್ಜಿ. ಬಾಗೇಪಲ್ಲಿ ಪಕ್ಕದ ಹಳ್ಳಿಯವರು. ಮನೆಯಲ್ಲಿ ತೆಲುಗು, ಪೇಟೆಗೆ ಬಂದರೆ ಕನ್ನಡ. ಈಗಲೂ ಕಡ್ಲೆಕಾಯಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುತ್ತಾರೆ. ಬಿಪಿ ಇದೆ, ಟೆಲ್ಮಿಸಾರ್ಟನ್ ಮಾತ್ರೆ ನುಂಗುತ್ತಾರೆ. ಈ ಮಾತ್ರೆಯಿಂದ ಕೆಲವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದಕ್ಕೇ ಡಾಕ್ಟ್ರು ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಮತ್ತು ಪೊಟ್ಯಾಸಿಯಂ ನೋಡಿಸಿ ಅಂದಿದ್ದರು. ಬೆಳಿಗ್ಗೆ 8ಕ್ಕೆ ರಕ್ತ ತೆಗೆದರು. ಥರ್ಮಾಕೋಲ್ ಡಬ್ಬಿಯಲ್ಲಿ ಬಸ್ಸಿಗೆ ಹಾಕಿದರು. 11ಕ್ಕೆ ನಮ್ಮ ಕೈ ಸೇರಿತು. ಸಂಜೆ ರಿಪೋರ್ಟ್ ಹೋಯಿತು.

ಪೊಟ್ಯಾಸಿಯಂ 6.1.

ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು. 6 ದಾಟಿದರೆ ಹೃದಯದ ಬಡಿತ ತಪ್ಪುವ ಭಯ. ರಿಪೋರ್ಟ್ ನೋಡಿದ ಡಾಕ್ಟ್ರು ರಾತ್ರಿಯೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಅವರು ಮಾಡಿದ್ದು ಸರಿಯೇ. ಮಗ ಬಾಡಿಗೆ ಕಾರು ಹಿಡಿದ. ಸುಮಾರು 100 ಕಿ.ಮೀ. ದಾರಿ. ದಾರಿಯುದ್ದಕ್ಕೂ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರಂತೆ. ಅಲ್ಲಿ ಇಸಿಜಿ ಸರಿಯಾಗಿ ಬಂತು. ಹೊಸದಾಗಿ ರಕ್ತ ತೆಗೆದು ನೋಡಿದರೆ ಪೊಟ್ಯಾಸಿಯಂ 4.9. ಬೆಳಿಗ್ಗೆ ವಾಪಸ್ ಕಳಿಸಿದರು.

ಎರಡು ದಿನ ಬಿಟ್ಟು ಮಗ ನಮ್ಮ ಲ್ಯಾಬಿಗೆ ಬಂದ. ಕೂಗಾಡಲಿಲ್ಲ. ಎರಡೂ ರಿಪೋರ್ಟ್ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. "ಮೇಡಂ, ನಮ್ಮಮ್ಮನ ರಕ್ತದಲ್ಲಿ ಏನಾಗಿತ್ತು, ಅಷ್ಟು ಹೇಳಿ ಸಾಕು" ಅಂದ.

ಪರೀಕ್ಷೆ ಮುಗಿದ ಟ್ಯೂಬುಗಳನ್ನು ನಾವು ಕೆಲವು ದಿನ ಫ್ರಿಡ್ಜಿನಲ್ಲಿ ಇಟ್ಟಿರುತ್ತೇವೆ. ಅಜ್ಜಿಯ ಟ್ಯೂಬ್ ಹುಡುಕಿ ತೆಗೆದೆ. ನೋಡಿದ ತಕ್ಷಣ ಗೊತ್ತಾಯಿತು. ಮೇಲಿನ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಒಣಹುಲ್ಲಿನ ಹಳದಿ ಬಣ್ಣದಲ್ಲಿ ಇರಬೇಕು. ಅದು ದಾಳಿಂಬೆ ರಸ ಕಲಸಿದ ನೀರಿನ ಹಾಗೆ ಇತ್ತು. ಲ್ಯಾಬಿನ ಮಾತಿನಲ್ಲಿ ಹೇಳುವುದಾದರೆ ಸ್ಯಾಂಪಲ್ ಹೀಮೊಲೈಜ್ ಆಗಿತ್ತು. ಅಂದರೆ ಕೆಂಪು ಕಣಗಳು ಒಡೆದು ಒಳಗಿನ ಹಿಮೊಗ್ಲೋಬಿನ್ ಸೀರಂಗೆ ಬಂದಿತ್ತು. ಅಂಥ ಟ್ಯೂಬಿನಲ್ಲಿ ಪೊಟ್ಯಾಸಿಯಂ ನೋಡಲೇಬಾರದು. ನೋಡಿದರೂ ಸ್ಯಾಂಪಲ್ ಹೀಗಿತ್ತು ಅಂತ ರಿಪೋರ್ಟಿನಲ್ಲಿ ಬರೆಯಬೇಕು. ನಮ್ಮಲ್ಲಿ ಬರೆದಿರಲಿಲ್ಲ. ಅದು ನಮ್ಮ ತಪ್ಪು. ಮಗನ ಎದುರಿಗೇ ಒಪ್ಪಿಕೊಂಡೆ, ಟ್ಯೂಬನ್ನೂ ಅವನ ಕೈಗೆ ಕೊಟ್ಟು ತೋರಿಸಿದೆ.

"ಒಡೆದದ್ದು ಅಮ್ಮನ ಮೈಯೊಳಗಾ, ಹೊರಗಾ?" ಅಂದ. ಒಳ್ಳೆಯ ಪ್ರಶ್ನೆ. ಮೈಯೊಳಗೇ ಒಡೆದಿದ್ದರೆ ಬೆಂಗಳೂರಿನಲ್ಲಿ ತೆಗೆದ ರಕ್ತದಲ್ಲೂ ಕಾಣಬೇಕಿತ್ತು. ಕಂಡಿರಲಿಲ್ಲ. ಹಾಗಾದರೆ ಹೊರಗೆ.

ಎಷ್ಟು ಕಣ ಒಡೆದಿರಬಹುದು? ಕೆಂಪು ಕಣದ ಒಳಗೆ ಪೊಟ್ಯಾಸಿಯಂ ಲೀಟರಿಗೆ 100 ಮಿಲಿಮೋಲ್ ಹತ್ತಿರ ಇರುತ್ತದೆ. ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಅಜ್ಜಿಗೆ ರಕ್ತ ಸ್ವಲ್ಪ ಕಡಿಮೆ. ಮೂರು ಪಾಲಿನಲ್ಲಿ ಒಂದು ಪಾಲು ಕಣ, ಎರಡು ಪಾಲು ನೀರಿನ ಭಾಗ ಅಂತ ಇಟ್ಟುಕೊಳ್ಳಿ. 4.9 ಇದ್ದದ್ದು 6.1 ಆಗಲು ನೂರರಲ್ಲಿ ಎರಡು-ಮೂರು ಕಣ ಒಡೆದರೆ ಸಾಕು. ಉಳಿದ ತೊಂಬತ್ತೇಳು ಕಣ ನೆಟ್ಟಗಿದ್ದವು. ಎರಡು-ಮೂರು ಕಣಕ್ಕೆ ಒಂದು ಮನೆಯವರು ರಾತ್ರಿಯೆಲ್ಲ ನಿದ್ದೆಗೆಟ್ಟರು.

ರಿಜಿಸ್ಟರ್ ತಿರುವಿದೆ. ಬಾಗೇಪಲ್ಲಿಯ ಟ್ಯೂಬುಗಳಲ್ಲಿ ಕೆಂಪಾದವು ಹೆಚ್ಚಿದ್ದವು. ಎರಡು ತಿಂಗಳಿಂದ ಹೀಗೇ ಇತ್ತು. ಯಾರೂ ಒಟ್ಟಿಗೆ ಕೂರಿಸಿ ನೋಡಿರಲಿಲ್ಲ ಅಷ್ಟೆ.

ಮೊದಲು ಎಲ್ಲರೂ ಬೆರಳು ತೋರಿಸಿದ್ದು ಬಸ್ಸಿನ ಕಡೆಗೆ. ಕುಲುಕಾಡಿ ಒಡೆದಿರಬೇಕು ಅಂದರು. ಆದರೆ ಬಾಗೇಪಲ್ಲಿಯಿಂದ ಇಲ್ಲಿಗೆ ರಾಷ್ಟ್ರೀಯ ಹೆದ್ದಾರಿ 44, ಒಳ್ಳೆಯ ರಸ್ತೆ. ಗೌರಿಬಿದನೂರು ಕಡೆಯಿಂದಲೂ ಬಸ್ಸಿನಲ್ಲೇ ಟ್ಯೂಬು ಬರುತ್ತವೆ, ಅವು ಚೆನ್ನಾಗಿಯೇ ಇರುತ್ತವೆ. ಎರಡನೆಯದು ಐಸ್. ತಣ್ಣಗಿಟ್ಟರೆ ಕಣದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಧಾನವಾಗುತ್ತದೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆದರೆ ಹಾಗೆ ಸೋರಿದರೆ ಸೀರಂ ಕೆಂಪಾಗುವುದಿಲ್ಲ. ನಮ್ಮದು ಕೆಂಪು. ಮೂರನೆಯದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರುವ ಇಡಿಟಿಎ ಇದರೊಳಗೆ ಬೆರೆತದ್ದು. ಅದು ಪೊಟ್ಯಾಸಿಯಂ ಉಪ್ಪು. ಬೆರೆತರೆ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ. ಉಳಿದ ಸೀರಂನಲ್ಲಿ ಕ್ಯಾಲ್ಸಿಯಂ ನೋಡಿದೆ, ಸರಿಯಾಗಿತ್ತು.

ಉಳಿದದ್ದು ಒಂದೇ. ರಕ್ತ ತೆಗೆಯುವ ಕೈ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಾಗೇಪಲ್ಲಿಗೆ ಹೊರಟೆ.

ಅಲ್ಲಿ ರಕ್ತ ತೆಗೆಯುವುದು ಒಬ್ಬ ಹುಡುಗಿ. ಡಿಪ್ಲೊಮಾ ಮುಗಿಸಿ ವರ್ಷ ಆಗಿಲ್ಲ. ಕೇಂದ್ರದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. "ಈ ಹುಡುಗಿ ಚುಚ್ಚಿದರೆ ಗೊತ್ತೇ ಆಗಲ್ಲ" ಅಂತ ಸಾಲಿನಲ್ಲಿ ಕೂತ ಒಬ್ಬ ಯಜಮಾನರು ನನಗೇ ಹೇಳಿದರು. ನಾನು ಏನೂ ಮಾತಾಡದೆ ಮೂಲೆಯಲ್ಲಿ ಕೂತು ನೋಡಿದೆ. ನಾಲ್ಕನೆಯ ರೋಗಿಯ ಹೊತ್ತಿಗೆ ಕಾರಣ ಕಣ್ಣಿಗೆ ಬಿತ್ತು.

ಸಿರಿಂಜಿನ ತುದಿಯಲ್ಲಿ ಕಂದು ಬಣ್ಣದ ಬುಡ. ಅಂದರೆ 26 ಗೇಜ್ ಸೂಜಿ. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣದು. ಮಾಮೂಲಾಗಿ ರಕ್ತ ತೆಗೆಯುವುದು ಹಸಿರು ಬುಡದ 21ರಲ್ಲಿ. 21ರ ಒಳಗಿನ ತೂತು ಸುಮಾರು 0.51 ಮಿ.ಮೀ., 26ರದ್ದು ಸುಮಾರು 0.26 ಮಿ.ಮೀ. ವಯಸ್ಸಾದವರ ನರ ಸಣ್ಣ, ನೋವಾಗಬಾರದು ಅಂತ ಅವಳೇ ಈ ಸೂಜಿ ಹುಡುಕಿಕೊಂಡಿದ್ದಳು. ತೆಗೆದ ಮೇಲೆ ಅದೇ ಸೂಜಿಯನ್ನು ಟ್ಯೂಬಿನ ರಬ್ಬರ್ ಮುಚ್ಚಳಕ್ಕೆ ಚುಚ್ಚುತ್ತಿದ್ದಳು. ಹಿಂದೆ ಸಾಲು ಬೆಳೆದಿರುತ್ತಿತ್ತು, ಹಾಗಾಗಿ ಹೆಬ್ಬೆರಳಿನಿಂದ ಪಿಸ್ಟನ್ ಜೋರಾಗಿ ಒತ್ತುತ್ತಿದ್ದಳು. ಟ್ಯೂಬಿನೊಳಗಿನ ವ್ಯಾಕ್ಯೂಮ್ ಆ ಕಡೆಯಿಂದ ಎಳೆಯುತ್ತದೆ, ಬೆರಳು ಈ ಕಡೆಯಿಂದ ತಳ್ಳುತ್ತದೆ. 5 ಮಿ.ಲೀ. ರಕ್ತ ಹತ್ತು ಸೆಕೆಂಡಿನಲ್ಲಿ ಟ್ಯೂಬ್ ಸೇರುತ್ತಿತ್ತು. ತಳದಲ್ಲಿ ನೊರೆ.

ಸಾಲು ಮುಗಿದ ಮೇಲೆ ಚಹಾ ಕುಡಿಯುತ್ತಾ ಹೇಳಿದೆ. ಅವಳ ಮುಖ ಬಾಡಿತು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಈ ಪ್ರಕರಣದ ತಿರುಳು ಆ ಪ್ರಶ್ನೆಯಲ್ಲೇ ಇದೆ.

"ಮೇಡಂ, ಕೆಂಪು ಕಣ 8 ಮೈಕ್ರಾನ್ ಅಂತ ಓದಿದ್ದೀವಿ. ಸೂಜಿ ತೂತು ಅದಕ್ಕಿಂತ ಎಷ್ಟೋ ದೊಡ್ಡದು. ಮೈಯೊಳಗೆ ಇದಕ್ಕಿಂತ ಚಿಕ್ಕ ನಾಳದಲ್ಲಿ ಹೋಗುತ್ತಲ್ಲ, ಅಲ್ಲಿ ಒಡೆಯಲ್ಲ. ಇಲ್ಲಿ ಯಾಕೆ ಒಡೆಯುತ್ತೆ?"

ಲೆಕ್ಕ ಹಾಕಿದರೆ ಅವಳ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 26 ಗೇಜ್ ಸೂಜಿಯ ಅಡ್ಡಕ್ಕೆ ಮೂವತ್ತೆರಡು ಕಣಗಳನ್ನು ಸಾಲಾಗಿ ಜೋಡಿಸಬಹುದು. ಮೈಯೊಳಗಿನ ತೀರಾ ಸಣ್ಣ ಲೋಮನಾಳಗಳು 5-6 ಮೈಕ್ರಾನ್ ಇರುತ್ತವೆ, ಕಣಕ್ಕಿಂತ ಕಿರಿದು. ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಒಂದು ಮೈಕ್ರಾನಿಗಿಂತ ಕಿರಿದಾದ ಸೀಳುಗಳಿವೆ. ಅವುಗಳಲ್ಲೂ ಕಣ ನುಸುಳಿ ಬರುತ್ತದೆ. ಒಂದು ಕಣ ಸುಮಾರು 120 ದಿನ ಬದುಕುತ್ತದೆ. ನಿಮಿಷಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ ಅಷ್ಟು ದಿನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಲ ಮೈಯೆಲ್ಲ ಸುತ್ತುತ್ತದೆ. ಇಷ್ಟು ಗಟ್ಟಿಮುಟ್ಟಾದದ್ದು ಒಂದು ಸೂಜಿಗೆ ಸೋಲುವುದು ಹೇಗೆ?

ಕೇಂದ್ರದ ಫ್ರಿಡ್ಜಿನಲ್ಲಿ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಇತ್ತು. ಅದನ್ನೇ ತೆಗೆದುಕೊಂಡೆ. ತುಂಬಿದ ಪ್ಯಾಕೆಟ್ ಅಮುಕಿದರೆ ಬಿಗಿಯುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ. ಅದೇ ಪ್ಯಾಕೆಟ್‌ನಲ್ಲಿ ಹಾಲು ಮುಕ್ಕಾಲು ಭಾಗ ಮಾತ್ರ ತುಂಬಿ ಅಂಟಿಸಿದ್ದರೆ? ಮಡಿಸಬಹುದು, ತಿರುಚಬಹುದು, ಬಾಗಿಲ ಸಂದಿಯಲ್ಲಿ ತೂರಿಸಬಹುದು. ಪ್ಲಾಸ್ಟಿಕ್ ಒಂದು ಚೂರೂ ಹಿಗ್ಗುವುದಿಲ್ಲ. ಸುಮ್ನೆ ಆಕಾರ ಬದಲಾಗುತ್ತದೆ ಅಷ್ಟೆ.

ಕೆಂಪು ಕಣ ಈ ಎರಡನೆಯ ಪ್ಯಾಕೆಟ್. ಅದರ ಪೊರೆಯ ವಿಸ್ತೀರ್ಣ ಸುಮಾರು 135 ಚದರ ಮೈಕ್ರಾನ್. ಒಳಗಿನ ರಸ ಸುಮಾರು 90 ಘನ ಮೈಕ್ರಾನ್. ಅಷ್ಟು ರಸವನ್ನು ದುಂಡಗೆ ಚೆಂಡಾಗಿ ಕಟ್ಟಲು 97 ಚದರ ಮೈಕ್ರಾನ್ ಪೊರೆ ಸಾಕು. ಉಳಿದದ್ದೆಲ್ಲ ಹೆಚ್ಚುವರಿ. ಸುಮಾರು ಶೇ. 40ರಷ್ಟು ಬಟ್ಟೆ ಮಿಕ್ಕಿದೆ ಅನ್ನಿ. ಅದಕ್ಕೇ ಕಣ ದುಂಡಗಿಲ್ಲ. ನಡುವೆ ಎರಡೂ ಕಡೆ ತಗ್ಗಿರುವ ಬಿಲ್ಲೆಯ ಹಾಗಿದೆ. ಬೀಜಕೋಶವನ್ನೂ ಹೊರಗೆ ಹಾಕಿದೆ, ಒಳಗೆ ಗಟ್ಟಿಯಾದದ್ದು ಏನೂ ಇಲ್ಲ. ಲೋಮನಾಳಕ್ಕೆ ಬಂದಾಗ ಹಿಂದಕ್ಕೆ ಬಾಗಿ ಪ್ಯಾರಾಚೂಟಿನ ಹಾಗಾಗುತ್ತದೆ. ಒಮ್ಮೊಮ್ಮೆ ಒಂದು ಪಕ್ಕ ಉದ್ದವಾಗಿ ಚಪ್ಪಲಿಯ ಆಕಾರ ತಾಳುತ್ತದೆ. ಪೊರೆಗೂ ನಾಳದ ಗೋಡೆಗೂ ನಡುವೆ ಪ್ಲಾಸ್ಮಾದ, ಅಂದರೆ ರಕ್ತದ ನೀರಿನ ಭಾಗದ, ತೆಳು ಪದರ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ವೇಗವೂ ಕಡಿಮೆ, ಸೆಕೆಂಡಿಗೆ ಒಂದು ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಇದರಲ್ಲಿ ಕಣಕ್ಕೆ ಕಷ್ಟವೇ ಇಲ್ಲ.

ಆಕಾರ ಬದಲಿಸುವುದು ಸುಲಭ, ವಿಸ್ತೀರ್ಣ ಹಿಗ್ಗಿಸುವುದು ಕಷ್ಟ. ಪೊರೆಯ ಒಳಬದಿಯಲ್ಲಿ ಸ್ಪೆಕ್ಟ್ರಿನ್ ಅನ್ನುವ ಪ್ರೊಟೀನಿನ ಬಲೆ ಇದೆ. ಅದು ಎಳೆದರೆ ಉದ್ದವಾಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಹೊರಗಿನ ಕೊಬ್ಬಿನ ಎರಡು ಪದರ ಹಾಗಲ್ಲ. ವಿಸ್ತೀರ್ಣ ಶೇ. 3-4ರಷ್ಟು ಹಿಗ್ಗಿತೋ, ಹರಿಯಿತು. ರಬ್ಬರ್ ಬಲೂನಿಗೂ ಕೆಂಪು ಕಣಕ್ಕೂ ಇಲ್ಲೇ ವ್ಯತ್ಯಾಸ. ಔಷಧಿ ತುಂಬಲು ಮಾಡುವ ಸಣ್ಣ ಮೆತ್ತನೆ ಕ್ಯಾಪ್ಸೂಲುಗಳು, ಅಂದರೆ ದ್ರವ ತುಂಬಿದ ತೆಳು ಪಾಲಿಮರ್ ಚೀಲಗಳು, ಬಹುಪಾಲು ಬಲೂನಿನ ಜಾತಿ. ಅವುಗಳ ಗೋಡೆಯೇ ಹಿಗ್ಗುತ್ತದೆ. ಹರಿವಿನಲ್ಲಿ ಅಂಥ ಕ್ಯಾಪ್ಸೂಲ್ ಹೇಗೆ ಬದಲಾಗುತ್ತದೆ ಅಂತ ಫ್ರಾನ್ಸಿನ ಡೊಮಿನಿಕ್ ಬಾರ್ತೆಸ್-ಬೀಸೆಲ್ 1980ರಲ್ಲಿ ಗಣಿತ ಬರೆದರು. ಹರಿವಿನ ಎಳೆತ ಒಂದು ಕಡೆ, ಗೋಡೆಯ ಬಿಗುವು ಇನ್ನೊಂದು ಕಡೆ. ಯಾವುದು ಎಷ್ಟು ಪಟ್ಟು ಹೆಚ್ಚು ಅನ್ನುವುದರ ಮೇಲೆ ಆಕಾರ ನಿಂತಿದೆ. ಕೆಂಪು ಕಣಕ್ಕೂ ಇದೇ ಲೆಕ್ಕ. ಆದರೆ ಅದರ ಹಿಗ್ಗುವಿಕೆಗೆ ಬೇಗ ಕೊನೆ ಬರುತ್ತದೆ.

ಎಳೆತ ಅಂದೆನಲ್ಲ. ಅದು ಎಲ್ಲಿಂದ ಬರುತ್ತದೆ? ಹುಡುಗಿಗೆ ಕಾಲುವೆ ನೆನಪಿಸಿದೆ. ಕೆರೆ ಕೋಡಿ ಹರಿದಾಗ ಕಾಲುವೆಯ ನಡುವೆ ನೀರು ಜೋರು, ಅಂಚಿನಲ್ಲಿ ನಿಧಾನ. ಅಂಚಿಗೆ ಬಂದ ಎಲೆ ಗಿರಗಿರ ತಿರುಗುತ್ತದೆ, ಅಲ್ವಾ? ಎಲೆಯ ಒಂದು ಬದಿಗೆ ವೇಗದ ನೀರು, ಇನ್ನೊಂದು ಬದಿಗೆ ನಿಧಾನದ ನೀರು. ಈ ವೇಗದ ವ್ಯತ್ಯಾಸವೇ ಎಳೆತ. ಪುಸ್ತಕದಲ್ಲಿ ಶಿಯರ್ ಅಂತ ಕರೆಯುತ್ತಾರೆ. ಎಲೆ ಗಟ್ಟಿ, ಹಾಗಾಗಿ ತಿರುಗುತ್ತದೆ. ಮೆತ್ತಗಿನ ಚೀಲವಾಗಿದ್ದರೆ ಓರೆಯಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಕಾರ ಹಾಗೇ ನಿಂತು, ಪೊರೆ ಮಾತ್ರ ಒಳಗಿನ ರಸದ ಸುತ್ತ ಓಡುತ್ತದೆ. ಜೆಸಿಬಿ ಜಾತಿಯ ಚೈನ್ ಗಾಡಿ ನೋಡಿರುತ್ತೀರಿ. ಗಾಡಿ ನಿಂತ ಹಾಗಿರುತ್ತದೆ, ಚೈನ್ ಸುತ್ತುತ್ತದೆ. ಅದೇ ಥರ.

ಜರ್ಮನಿಯಲ್ಲಿ ಫಿಷರ್ ಮತ್ತು ಅವರ ಸಂಗಡಿಗರು 1978ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಕಣದ ಮೇಲೆ ಅಂಟಿಸಿದ ಸಣ್ಣ ಗುರುತುಗಳು ಸುತ್ತು ಹಾಕುವುದು ಕಾಣಿಸಿತು. 1982ರಲ್ಲಿ ಕೆಲ್ಲರ್ ಮತ್ತು ಸ್ಕಲಕ್ ಇದಕ್ಕೆ ಲೆಕ್ಕ ಕೊಟ್ಟರು. ಒಳಗಿನ ರಸ ಹೊರಗಿನ ದ್ರವಕ್ಕಿಂತ ಎಷ್ಟು ಮಂದ ಅನ್ನುವುದು ಮುಖ್ಯ. ಒಳಗಿನದು ತೀರಾ ಮಂದವಾದರೆ ಕಣ ಎಲೆಯ ಹಾಗೆ ಉರುಳುತ್ತದೆ, ಇಲ್ಲವಾದರೆ ಚೈನಿನ ಹಾಗೆ ಪೊರೆ ಓಡಿಸುತ್ತದೆ. ನಾನು ಓದುವಾಗ ಚೈನ್ ಚಿತ್ರ ಒಂದನ್ನೇ ತಲೆಯಲ್ಲಿ ತುಂಬಿಕೊಂಡಿದ್ದೆ. ಅದು ಅರ್ಧ ಸತ್ಯ. ಆ ಪ್ರಯೋಗಗಳಲ್ಲಿ ಹೊರಗಿನ ದ್ರವವನ್ನು ಡೆಕ್ಸ್‌ಟ್ರಾನ್ ಹಾಕಿ ಮಂದ ಮಾಡಿದ್ದರು. ನಿಜವಾದ ಪ್ಲಾಸ್ಮಾ ತೆಳ್ಳಗೆ. ಕಣದೊಳಗಿನ ರಸ ಅದಕ್ಕಿಂತ ಸುಮಾರು ಐದು ಪಟ್ಟು ಮಂದ. 2016ರಲ್ಲಿ ಲನೋಟ್ ಮತ್ತು ಸಂಗಡಿಗರು ಮೈಯೊಳಗಿನ ಸ್ಥಿತಿಗೆ ಹತ್ತಿರದ ತೆಳು ದ್ರವದಲ್ಲಿ ನೋಡಿದಾಗ ಬೇರೆಯೇ ಕಂಡಿತು. ನಿಧಾನದಲ್ಲಿ ಕಣ ಪಲ್ಟಿ ಹೊಡೆಯುತ್ತದೆ. ಎಳೆತ ಸ್ವಲ್ಪ ಹೆಚ್ಚಿದರೆ ಚಕ್ರದ ಹಾಗೆ ಉರುಳುತ್ತದೆ. ಇನ್ನೂ ಹೆಚ್ಚಿದರೆ ಬಟ್ಟಲಿನಂತೆ ಗುಳಿ ಬೀಳುತ್ತದೆ, ಆಮೇಲೆ ಮೂರು ಮೂಲೆ, ಹಲವು ಮೂಲೆಯ ವಿಚಿತ್ರ ಆಕಾರಗಳು. ಈ ಚಿತ್ರಗಳನ್ನು ಮೊದಲ ಸಲ ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. ದಿನಾ ಮೈಕ್ರೊಸ್ಕೋಪಿನಲ್ಲಿ ಬಿಲ್ಲೆಯಂತೆ ಸುಮ್ಮನೆ ಕೂತದ್ದನ್ನು ನೋಡುತ್ತೇವೆ. ಹರಿಯುವಾಗ ಅದು ಒಂದು ಕ್ಷಣವೂ ಹಾಗಿರುವುದಿಲ್ಲ.

ಈಗ ಸೂಜಿಯ ಲೆಕ್ಕ. ಇದನ್ನು ಕೇಂದ್ರದ ರಸೀದಿ ಪುಸ್ತಕದ ಹಿಂಬದಿಯಲ್ಲಿ ಅವಳ ಜೊತೆಯೇ ಮಾಡಿದೆ.

5 ಮಿ.ಲೀ. ರಕ್ತ ಹತ್ತು ಸೆಕೆಂಡಿನಲ್ಲಿ ಹೋದರೆ ಸೆಕೆಂಡಿಗೆ ಅರ್ಧ ಮಿ.ಲೀ. 0.26 ಮಿ.ಮೀ. ತೂತಿನಲ್ಲಿ ಅಷ್ಟು ಹೋಗಬೇಕಾದರೆ ಸರಾಸರಿ ವೇಗ ಸೆಕೆಂಡಿಗೆ 9 ಮೀಟರಿಗೂ ಮೇಲೆ. ಗಂಟೆಗೆ 34 ಕಿ.ಮೀ. ಆಯಿತು! ಲೋಮನಾಳದ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು. ನಡುವೆ ವೇಗ ಇದಕ್ಕೂ ಹೆಚ್ಚು, ಗೋಡೆಗೆ ಅಂಟಿದ ಪದರದಲ್ಲಿ ಸೊನ್ನೆ. ಆ ಬದಲಾವಣೆ ಪೂರ್ತಿ 0.13 ಮಿ.ಮೀ. ಅಂತರದಲ್ಲಿ ಆಗಬೇಕು. ಗೋಡೆಯ ಹತ್ತಿರದ ಕಣ ಈ ವ್ಯತ್ಯಾಸದ ನಡುವೆ ಸಿಕ್ಕಿಬಿದ್ದಿರುತ್ತದೆ. ಗೋಡೆಯಲ್ಲಿ ಎಳೆತ ಎಷ್ಟು ಅಂತ ಲೆಕ್ಕ ಹಾಕಿದರೆ ಸುಮಾರು 1,000 ಪ್ಯಾಸ್ಕಲ್ ಬರುತ್ತದೆ. ನಮ್ಮ ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಇದು ಕೆಲವೇ ಪ್ಯಾಸ್ಕಲ್.

ಕಣ ಎಷ್ಟು ತಡೆಯುತ್ತದೆ? ಲೆವೆರೆಟ್ ಮತ್ತು ಸಂಗಡಿಗರು 1972ರಲ್ಲಿ ಅಳೆದರು. ನಿಮಿಷಗಟ್ಟಲೆ ಎಳೆತದಲ್ಲಿ ಇಟ್ಟರೆ 150 ಪ್ಯಾಸ್ಕಲ್ ಹತ್ತಿರ ಕಣಗಳು ಜೋರಾಗಿ ಒಡೆಯತೊಡಗುತ್ತವೆ. ಸಮಯ ಕಡಿಮೆಯಾದಷ್ಟೂ ಹೆಚ್ಚು ಎಳೆತ ತಡೆಯುತ್ತವೆ. ಸೂಜಿಯಲ್ಲಿ ಕಣ ಇರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಅದಕ್ಕೇ ನೂರಕ್ಕೆ ನೂರು ಒಡೆಯುವುದಿಲ್ಲ. ಗೋಡೆಯ ಹತ್ತಿರ ಇದ್ದವು, ವಯಸ್ಸಾಗಿ ಪೊರೆಯ ಮಿಗುತೆ ಕಳೆದುಕೊಂಡವು ಒಡೆಯುತ್ತವೆ. ಮೊದಲು ಉದ್ದಕ್ಕೆ ಎಳೆದುಕೊಳ್ಳುತ್ತವೆ. ಮಿಕ್ಕಿದ್ದ ಬಟ್ಟೆಯೆಲ್ಲ ಮುಗಿಯುತ್ತದೆ. ಆಮೇಲೆ ಪೊರೆಯೇ ಹಿಗ್ಗಬೇಕು. ಅದಕ್ಕೆ ಆಗುವುದಿಲ್ಲ. ಸಣ್ಣ ರಂಧ್ರ ಬೀಳುತ್ತದೆ, ಹಿಮೊಗ್ಲೋಬಿನ್ ಸೋರುತ್ತದೆ.

ಈಗ ಅದೇ ಲೆಕ್ಕ 21 ಗೇಜಿಗೆ. ತೂತು ಎರಡರಷ್ಟು. ಅಷ್ಟೇ ಹೊತ್ತಿನಲ್ಲಿ ಅಷ್ಟೇ ರಕ್ತ. ಎಳೆತ ಅರ್ಧ ಆಗುತ್ತದೆ ಅಂತ ಹುಡುಗಿ ಅಂದಳು. ಅರ್ಧ ಅಲ್ಲ. ತೂತಿನ ಅಳತೆಯ ಮೂರನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡರ ಮೂರನೇ ಘಾತ ಎಂಟು. 1,000 ಇದ್ದದ್ದು 130 ಹತ್ತಿರ ಇಳಿಯಿತು. ಅವಳು ಪೆನ್ನು ಕೆಳಗಿಟ್ಟು ಆ ಸಂಖ್ಯೆಯನ್ನೇ ನೋಡುತ್ತಾ ಕೂತಳು.

ಇದು ಸೂಜಿಯ ಒಳಗಿನ ಕಥೆ. ಬಾಗಿಲಲ್ಲೂ ಒಂದು ತೊಂದರೆ ಇದೆ. ಸಿರಿಂಜಿನ ಕೊಳವೆ ಸುಮಾರು 12 ಮಿ.ಮೀ. ಅಗಲ. ಅಲ್ಲಿ ಆರಾಮಾಗಿದ್ದ ರಕ್ತ 0.26 ಮಿ.ಮೀ. ತೂತಿಗೆ ನುಗ್ಗುವಾಗ ವೇಗ ಸುಮಾರು ಎರಡು ಸಾವಿರ ಪಟ್ಟು ಏರಬೇಕು. ಕಣದ ಮುಂಭಾಗ ಓಡುತ್ತದೆ, ಹಿಂಭಾಗ ಇನ್ನೂ ಹಿಂದೆಯೇ ಇರುತ್ತದೆ. ಅಲ್ಲೂ ಎಳೆತ. ಹೊರಗೆ ಬಂದ ಮೇಲೆ ಧಾರೆ ಟ್ಯೂಬಿನ ತಳಕ್ಕೆ ಬಡಿದು ನೊರೆಯಾಗುತ್ತದೆ. ನೊರೆಯ ಗುಳ್ಳೆಗಳೂ ಕಣಕ್ಕೆ ಒಳ್ಳೆಯದಲ್ಲ.

ಅವಳ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಕಣವನ್ನು ಒಡೆದದ್ದು ತೂತಿನ ಕಿರಿದುತನ ಅಲ್ಲ. ಆ ತೂತಿನಲ್ಲಿ ನಾವು ರಕ್ತವನ್ನು ಓಡಿಸಿದ ವೇಗ. ಒಂದು ಮೈಕ್ರಾನಿನ ಸೀಳಿನಲ್ಲಿ ನಿಧಾನವಾಗಿ ನುಸುಳುವ ಕಣ, ತನಗಿಂತ ಮೂವತ್ತು ಪಟ್ಟು ಅಗಲದ ಸೂಜಿಯಲ್ಲಿ ಒಡೆದುಹೋಗುತ್ತದೆ.

ಲೆಕ್ಕ ಹೇಳಿದರೆ ಸಾಲದು, ಕಣ್ಣಿಗೆ ಕಾಣಿಸಬೇಕು ಅನಿಸಿತು. ಮುಂದಿನ ವಾರ ಹುಡುಗಿಯನ್ನು ನಮ್ಮ ಲ್ಯಾಬಿಗೆ ಕರೆಸಿಕೊಂಡೆ. ನನ್ನದೇ ತೋಳು ಕೊಟ್ಟೆ. 21 ಗೇಜಿನಲ್ಲಿ ನಿಧಾನವಾಗಿ ರಕ್ತ ತೆಗೆಸಿ ಮೂರು ಪಾಲು ಮಾಡಿದೆವು. ಮೊದಲ ಪಾಲನ್ನು ಸೂಜಿ ಕಳಚಿ, ಟ್ಯೂಬಿನ ಮುಚ್ಚಳ ತೆಗೆದು, ಒಳಗೋಡೆಯ ಮೇಲೆ ಇಳಿಬಿಟ್ಟೆವು. ಎರಡನೆಯದನ್ನು 26 ಗೇಜ್ ಸೂಜಿಯಲ್ಲೇ ಒಂದು ನಿಮಿಷಕ್ಕೂ ಹೆಚ್ಚು ಸಮಯ ತೆಗೆದುಕೊಂಡು ನಿಧಾನವಾಗಿ ಬಿಟ್ಟೆವು. ಮೂರನೆಯದನ್ನು ಅದೇ ಸೂಜಿಯಲ್ಲಿ ಅವಳು ದಿನಾ ಮಾಡುತ್ತಿದ್ದ ಹಾಗೆ ಒತ್ತಿದಳು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜಿಗೆ ಹಾಕಿದೆವು.

ಮುಚ್ಚಳ ತೆಗೆದು ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದೆವು. ಮೊದಲನೆಯದು ಹಳದಿ. ಎರಡನೆಯದೂ ಹೆಚ್ಚುಕಡಿಮೆ ಹಳದಿಯೇ. ಮೂರನೆಯದು ಕೆಂಪು. ಪೊಟ್ಯಾಸಿಯಂ ಕ್ರಮವಾಗಿ 4.1, 4.2, 5.0. ಒಂದೇ ತೋಳಿನ ಒಂದೇ ಸಿರಿಂಜಿನ ರಕ್ತ. ಎರಡನೆಯ ಟ್ಯೂಬೇ ನನಗೆ ಮುಖ್ಯವಾಗಿ ಕಂಡದ್ದು. ಸೂಜಿ ಅದೇ, ತೂತು ಅದೇ, ಬದಲಾದದ್ದು ಬೆರಳಿನ ಅವಸರ ಮಾತ್ರ.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಹಾಗಾದರೆ 26 ಗೇಜಿನಲ್ಲೇ ನಿಧಾನವಾಗಿ ತೆಗೆದರಾಯಿತಲ್ಲ ಅಂತ ಯಾರಾದರೂ ಕೇಳಬಹುದು. ಬೇಡ. ಅಷ್ಟು ನಿಧಾನವಾದರೆ ರಕ್ತ ಸಿರಿಂಜಿನಲ್ಲೇ ಹೆಪ್ಪುಗಟ್ಟಲು ಶುರುವಾಗುತ್ತದೆ. ತೋಳಿಗೆ ಕಟ್ಟಿದ ಪಟ್ಟಿಯೂ ಅಷ್ಟು ಹೊತ್ತು ಇರಬೇಕಾಗುತ್ತದೆ. ಪಟ್ಟಿ ತುಂಬ ಹೊತ್ತು ಬಿಗಿದಿದ್ದು, ಮುಷ್ಟಿ ಬಿಗಿದು ಬಿಟ್ಟು ಮಾಡಿದರೆ ಕಣ ಒಡೆಯದೆಯೂ ಪೊಟ್ಯಾಸಿಯಂ ಏರುತ್ತದೆ. ಒಂದು ತಪ್ಪು ಸರಿಮಾಡಲು ಹೋಗಿ ಇನ್ನೊಂದು ಮಾಡಿದ ಹಾಗಾಗುತ್ತದೆ.

ಬಾಗೇಪಲ್ಲಿಯಲ್ಲಿ ಬದಲಾಯಿಸಿದ್ದು ಇಷ್ಟು. ಎಲ್ಲರಿಗೂ 21 ಅಥವಾ 22 ಗೇಜ್. ನರ ತೀರಾ ಸಣ್ಣಗಿದ್ದರೆ 23 ಗೇಜಿನ ಬಟರ್‌ಫ್ಲೈ ಸೂಜಿ (ಎರಡು ರೆಕ್ಕೆ, ಹಿಂದೆ ಸಣ್ಣ ಕೊಳವೆ ಇರುವಂಥದ್ದು), ಜೊತೆಗೆ ಚಿಕ್ಕ ಟ್ಯೂಬ್. ಚಿಕ್ಕ ಟ್ಯೂಬಿನ ವ್ಯಾಕ್ಯೂಮ್ ಅಷ್ಟು ಜೋರಾಗಿ ಎಳೆಯುವುದಿಲ್ಲ. ಸಿರಿಂಜಿನಿಂದ ಟ್ಯೂಬಿಗೆ ಹಾಕಬೇಕಾದರೆ ಸೂಜಿಯಿಂದ ಮುಚ್ಚಳ ಚುಚ್ಚುವುದು ಪೂರ್ತಿ ಬಂದ್. ಅದಕ್ಕೆಂದೇ ಬರುವ ಟ್ರಾನ್ಸ್‌ಫರ್ ಹೋಲ್ಡರ್ ತರಿಸಿಕೊಟ್ಟೆವು. ಕೈಗೆ ಚುಚ್ಚಿಕೊಳ್ಳುವ ಅಪಾಯವೂ ಅದರಿಂದ ತಪ್ಪಿತು. ಪಿಸ್ಟನ್ ಮುಟ್ಟಬಾರದು, ಟ್ಯೂಬ್ ತನಗೆ ಬೇಕಾದಷ್ಟು ತಾನೇ ಎಳೆದುಕೊಳ್ಳಲಿ. ಸ್ಪಿರಿಟ್ ಒಣಗಿದ ಮೇಲೆ ಚುಚ್ಚುವುದು. ಟ್ಯೂಬನ್ನು ಕುಲುಕುವ ಬದಲು ಮೆಲ್ಲಗೆ ತಲೆಕೆಳಗು ಮಾಡುವುದು. ನಮ್ಮ ಕಡೆ, ಸೀರಂ ಕೆಂಪಾಗಿದ್ದರೆ ಪೊಟ್ಯಾಸಿಯಂ ರಿಪೋರ್ಟ್ ಮಾಡುವುದಿಲ್ಲ, ಫೋನ್ ಮಾಡಿ ಮತ್ತೆ ರಕ್ತ ಕೇಳುತ್ತೇವೆ. ರಾತ್ರಿ ಪಾಳಿಯ ಹುಡುಗರಿಗೆ ಆ ಮೂರು ಟ್ಯೂಬುಗಳ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಯಂತ್ರದ ಪಕ್ಕ ಅಂಟಿಸಿದ್ದೇನೆ.

ಕೆಂಪು ಟ್ಯೂಬುಗಳು ನಿಂತೇ ಹೋಗಲಿಲ್ಲ. ಈಗಲೂ ಆಗೊಂದು ಈಗೊಂದು ಬರುತ್ತವೆ. ಎಳೆ ಮಕ್ಕಳ ರಕ್ತ ತೆಗೆಯುವುದು ಈಗಲೂ ಕಷ್ಟವೇ. ಆದರೆ ರಿಜಿಸ್ಟರಿನಲ್ಲಿ ಬಾಗೇಪಲ್ಲಿಯ ಪುಟ ಬೇರೆ ಊರುಗಳ ಪುಟದ ಹಾಗೇ ಕಾಣುತ್ತದೆ.

ಆ ಹುಡುಗಿಯ ಬಗ್ಗೆ ಒಂದು ಮಾತು. ಅವಳು ಸೋಮಾರಿಯೂ ಅಲ್ಲ, ಅಜಾಗರೂಕಳೂ ಅಲ್ಲ. ನೋವಾಗಬಾರದು ಅಂತ ಸಣ್ಣ ಸೂಜಿ ಹಿಡಿದಳು. ಕಾಯುವವರಿಗೆ ತಡವಾಗಬಾರದು ಅಂತ ಬೇಗ ಒತ್ತಿದಳು. ಎರಡೂ ಕರುಣೆಯಿಂದಲೇ. ಕಣದ ಒಳಗೆ ಏನಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. "21 ಗೇಜ್ ಬಳಸಿ" ಅಂತ ಸುತ್ತೋಲೆ ಕಳಿಸಿದ್ದೆವು, ಯಾಕೆ ಅಂತ ಬರೆದಿರಲಿಲ್ಲ. ಕಾರಣ ಗೊತ್ತಿಲ್ಲದ ನಿಯಮ ಸಾಲು ಉದ್ದವಾದ ದಿನ ಮೊದಲು ಮುರಿಯುತ್ತದೆ. ಈಗ ಅವಳೇ ಹೊಸಬರಿಗೆ ಹಾಲಿನ ಪ್ಯಾಕೆಟ್ ಹಿಡಿದು ಪಾಠ ಹೇಳುತ್ತಾಳೆ.

ಮೂರು ತಿಂಗಳ ಮೇಲೆ ಅಜ್ಜಿಗೆ ಮತ್ತೆ ಪರೀಕ್ಷೆ ಇತ್ತು. ಆವತ್ತು ಬೇಕೆಂದೇ ಬಾಗೇಪಲ್ಲಿಗೆ ಹೋಗಿದ್ದೆ. 23ರ ಬಟರ್‌ಫ್ಲೈ ಚುಚ್ಚಿದಾಗ ಅಜ್ಜಿ "ಸ್ಸ್" ಅಂದರು. "ನೋವಾಯ್ತಾ ಅಜ್ಜಿ, ಇದು ಸ್ವಲ್ಪ ದಪ್ಪ ಸೂಜಿ" ಅಂದಳು ಹುಡುಗಿ. "ಆಗಲಿ ಬಿಡಮ್ಮಾ, ರಾತ್ರಿ ಕಾರು ಹತ್ತೋದು ತಪ್ಪಿದರೆ ಸಾಕು" ಅಂದರು ಅಜ್ಜಿ. ಸಣ್ಣ ಕೊಳವೆಯಲ್ಲಿ ರಕ್ತ ಮೆಲ್ಲಗೆ ಬಂದು ಟ್ಯೂಬಿನ ಗೋಡೆ ಹಿಡಿದು ಇಳಿಯಿತು. ನೊರೆ ಬರಲಿಲ್ಲ. ತುಂಬುವ ತನಕ ಹುಡುಗಿ ಪಿಸ್ಟನ್ ಇಲ್ಲದ ತನ್ನ ಬಲಗೈಯನ್ನು ಅಜ್ಜಿಯ ಮೊಣಕೈ ಮೇಲೆ ಇಟ್ಟು ಕಾದಳು. ಸಂಜೆ ನೋಡಿದಾಗ ಸೀರಂ ಹಳದಿ, ಪೊಟ್ಯಾಸಿಯಂ 4.7. ಮಗನಿಗೆ ನಾನೇ ಫೋನ್ ಮಾಡಿ ಹೇಳಿದೆ.